ಸುಟ್ಟದ್ದಕ್ಕೆ ಬಿಸಿಯೇ ಮದ್ದು

ಕೂದಲು ಸುಟ್ಟ ವಾಸನೆ ಬಂದರೆ ಯಾರಾದರೂ ಮೂಗು ಮುಚ್ಚಿಕೊಳ್ಳುತ್ತಾರೆ. ಗುಬ್ಬಿಗೆ ಮಾತ್ರ ಅದು ನಿದ್ದೆ ಬರಿಸುವ ವಾಸನೆ. ಚಿಕ್ಕಂದಿನಲ್ಲಿ ಅವಳು ಮಲಗುತ್ತಿದ್ದದ್ದೇ ಅಮ್ಮನ ಇಸ್ತ್ರಿ ಮೇಜಿನ ಕೆಳಗೆ, ಒಗೆದು ಒಣಗಿಸಿ ತಂದ ದಿಂಬಿನ ಚೀಲಗಳ ರಾಶಿಯ ಮೇಲೆ. ಯಾವುದೋ ಹೋಟೆಲಿನ ದಿಂಬಿನ ಚೀಲಗಳು. ಎಷ್ಟು ಒಗೆದರೂ ಯಾರದ್ದೋ ಒಂದು ಕೂದಲು ಹೊಲಿಗೆಯ ಸಂದಿಯಲ್ಲಿ ಉಳಿದಿರುತ್ತಿತ್ತು. ಇಸ್ತ್ರಿಪೆಟ್ಟಿಗೆ ಅದರ ಮೇಲೆ ಹಾದಾಗ ಚುರ್ ಎಂದು ಸಣ್ಣ ಸದ್ದು, ಹಿಂದೆಯೇ ಆ ವಾಸನೆ. "ಅಮ್ಮಾ, ಏನು ಸುಟ್ಟಿದ್ದು?" ಎಂದು ಮಗು ಕೇಳಿದರೆ, "ಯಾವಳೋ ಮಹಾರಾಣಿಯ ಜಡೆ ಕಣೇ, ನೀನು ಮಲಗು," ಎನ್ನುತ್ತಿದ್ದಳು ಅಮ್ಮ. ಮೇಜಿನ ಆಚೆಗೆ ಕಾಣುತ್ತಿದ್ದದ್ದು ಅಮ್ಮನ ಎರಡು ಪಾದಗಳು ಮಾತ್ರ. ಅವು ಅಲ್ಲಿರುವ ತನಕ ಲೋಕಕ್ಕೆ ಏನೂ ಆಗುವುದಿಲ್ಲ ಎಂದು ಗುಬ್ಬಿ ನಂಬಿದ್ದಳು.

ಅದೇ ವಾಸನೆ ಇಷ್ಟು ವರ್ಷಗಳ ಮೇಲೆ ಅವಳ ಸ್ವಂತ ಗದ್ದದಿಂದ ಎದ್ದಿತು.

ಚರ್ಮದ ಕ್ಲಿನಿಕ್ಕಿನ ಎತ್ತರದ ಮಂಚದ ಮೇಲೆ, ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಅವಳು ಮಲಗಿದ್ದಳು. ಲೇಸರ್ ಹಿಡಿದ ಹುಡುಗಿ ಮೇಲ್ದುಟಿಯ ಮೇಲೆ, ಗದ್ದದ ಕೆಳಗೆ ಟಕ್ ಟಕ್ ಎಂದು ಯಂತ್ರದ ಮೂತಿ ಒತ್ತುತ್ತಾ ಹೋಗುತ್ತಿದ್ದಳು.

"ಅಕ್ಕಾ, ವಾಸನೆ ಬಂತು ಅಂತ ಗಾಬರಿಯಾಗ್ಬೇಡಿ. ಎಲ್ಲರಿಗೂ ಬರುತ್ತೆ."

"ಗಾಬರಿ ಏನಿಲ್ಲ. ನಿದ್ದೆ ಬರ್ತಿದೆ."

"ಅಯ್ಯೋ ದೇವ್ರೇ! ಎಲ್ಲರೂ ಹಲ್ಲು ಕಚ್ಚಿ ಕೂಗೋ ಜಾಗ ಇದು. ನೀವೊಬ್ರೇ ನಿದ್ದೆ ಅಂದಿದ್ದು!"

ಮುಗಿದ ಮೇಲೆ ಹುಡುಗಿ ಕನ್ನಡಿ ಕೊಟ್ಟಳು. ಗುಬ್ಬಿ ಕನ್ನಡಿಯನ್ನು ನೆಚ್ಚಿ ಬದುಕಿದವಳಲ್ಲ. ಆದರೂ ನೋಡಿದಳು. ಮೂಗಿನ ಕೆಳಗೂ ಗದ್ದದ ಮೇಲೂ ಚರ್ಮ ಕೆಂಪಗಾಗಿ, ಒಂದೊಂದು ಕೂದಲಿನ ಬುಡದಲ್ಲೂ ಸಾಸಿವೆ ಕಾಳಿನಷ್ಟು ಉಬ್ಬು ಎದ್ದಿತ್ತು.

"ಇದು ಇಳಿಯುತ್ತೆ. ಆದ್ರೆ ಇವತ್ತು, ನಾಳೆ ನಿಮ್ಮ ಮುಖ ಎಳೆಮಗು ಅಂದ್ಕೊಳ್ಳಿ," ಎಂದಳು ಹುಡುಗಿ, ಪಕ್ಕದಲ್ಲಿ ಕೂತು, ಅವಸರವಿಲ್ಲದೆ. "ಉಜ್ಜಬೇಡಿ, ಕೆರೀಬೇಡಿ, ಘಮಘಮ ಅನ್ನೋ ಕ್ರೀಮೆಲ್ಲ ದೂರ ಇಡಿ. ಹೊರಗೆ ಹೋದ್ರೆ ಬಿಸಿಲಿಗೆ ಮುಖ ಒಡ್ಡಬೇಡಿ. ಉರಿದ್ರೆ ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಇಟ್ಕೊಳ್ಳಿ, ಮೇಲೆ ಈ ಲೋಳೆಸರದ ಜೆಲ್ಲು. ಐಸ್ ನೇರವಾಗಿ ಬೇಡ. ಎಲ್ಲಕ್ಕಿಂತ ಮುಖ್ಯ ಬಿಸಿ. ಬಿಸಿನೀರು, ಒಲೆ, ಆವಿ ಯಾವುದೂ ಹತ್ರ ಬರಕೂಡದು. ಈಗಾಗ್ಲೇ ಚರ್ಮದೊಳಗೆ ಬಿಸಿ ಕೂತಿದೆ. ಅದರ ಮೇಲೆ ಇನ್ನೊಂದು ಬಿಸಿ ಬಿದ್ರೆ ಬೊಕ್ಕೆ ಏಳುತ್ತೆ, ಕಪ್ಪು ಕಲೆ ಉಳಿಯುತ್ತೆ. ಕಲೆ ಬಿದ್ದ ಜಾಗಕ್ಕೆ ನಾನು ಮತ್ತೆ ಲೇಸರ್ ಮುಟ್ಟಿಸೋ ಹಾಗಿಲ್ಲ. ಅಲ್ಲಿಗೆ ನಿಲ್ಲುತ್ತೆ."

"ಆಯ್ತು."

"ಇನ್ನೊಂದು. ಸ್ವಲ್ಪ ದಿನ ಕಳೆದ ಮೇಲೆ ಕೂದಲು ಮತ್ತೆ ಬಂದ ಹಾಗೆ ಕಾಣುತ್ತೆ. ಅದು ಬರ್ತಿರೋದಲ್ಲ, ಉದುರ್ತಿರೋದು. ಹೆದರ್ಕೊಂಡು ಚಿಮಟ ಹಿಡೀಬೇಡಿ."

ಗುಬ್ಬಿಗೆ ಬಿಸಿಗಿಂತ ಇದೇ ಕಷ್ಟವೆನಿಸಿತು. ಅವಳ ಚೀಲದಲ್ಲೊಂದು ಚಿಮಟ, ದಿಂಬಿನ ಕೆಳಗೊಂದು, ಕೆಲಸದ ಕಡೆ ಏಪ್ರನ್ನಿನ ಜೇಬಿನಲ್ಲೊಂದು ಇರುತ್ತಿತ್ತು. ಬೇರೆ ಹೆಂಗಸರು ಕೀಲಿಕೈ ಇದೆಯೇ ಎಂದು ತಡವಿಕೊಳ್ಳುವಂತೆ ಅವಳು ಚಿಮಟ ತಡವಿಕೊಳ್ಳುತ್ತಿದ್ದಳು.

"ಏನು ಕೆಲಸ ಅಕ್ಕಾ ನಿಮ್ದು?"

"ಬಟ್ಟೆ ಮಡಿಚೋದು," ಎಂದಳು ಗುಬ್ಬಿ.

ಅದು ಪೂರಾ ಸುಳ್ಳಲ್ಲ, ಪೂರಾ ನಿಜವೂ ಅಲ್ಲ. ಅವಳು ದೊಡ್ಡ ಲಾಂಡ್ರಿಯೊಂದರಲ್ಲಿ ಆವಿಯ ಪ್ರೆಸ್ ನಡೆಸುವವಳು. ಹಿಂದೆ ಅಮ್ಮ ನಿಂತಿದ್ದ ಪ್ರೆಸ್ಸೇ ಅದು. ಕಾಲಿನಿಂದ ಪೆಡಲ್ ಒತ್ತಿದರೆ ಮೇಲಿನ ಕಾದ ಹಲಗೆ ಇಳಿದು ಬಟ್ಟೆಯನ್ನು ಕಚ್ಚುತ್ತದೆ. ಬಿಟ್ಟರೆ ಬುಸ್ಸೆಂದು ಆವಿ ನೇರ ಮುಖಕ್ಕೆ. ಹಾಗೆಂದೇ ಅವಳು ಮುಂಚೆಯೇ ಮೇಸ್ತ್ರಿಯನ್ನು ಕೇಳಿಕೊಂಡಿದ್ದಳು: ಮುಖಕ್ಕೆ ಸಣ್ಣ ಚಿಕಿತ್ಸೆ ಇದೆ, ಸ್ವಲ್ಪ ದಿನ ಮಡಿಚುವ ಮೇಜಿಗೆ ಹಾಕಿ. ಮಡಿಚುವ ಮೇಜಿನ ಅಕ್ಕ ತಾನೇ ಬಂದು ಜಾಗ ಮಾಡಿಕೊಡುತ್ತೇನೆಂದಿದ್ದಳು. ಮೇಸ್ತ್ರಿ ಕತ್ತು ಆಡಿಸಿದ್ದ. ಅದನ್ನೇ ಮಾತು ಎಂದು ಗುಬ್ಬಿ ನಂಬಿಕೊಂಡಿದ್ದಳು.

* * *

ಮನೆಯಲ್ಲಿ ಇದ್ದದ್ದು ಅಮ್ಮ ಮತ್ತು ಅವಳು, ಇಬ್ಬರೇ. ಮಂಡಿ ಸವೆದು ಕೆಲಸ ಬಿಟ್ಟ ಮೇಲೂ ಅಮ್ಮನ ಇಸ್ತ್ರಿ ಮೇಜು ಅಡುಗೆಮನೆಯ ಗೋಡೆಗೆ ಒರಗಿ ನಿಂತೇ ಇತ್ತು. ನೆರೆಯವರ ಅಂಗಿಗಳನ್ನು ಈಗಲೂ ಅಮ್ಮ ತೀಡಿ ಕೊಡುತ್ತಿದ್ದಳು. ಅಮ್ಮನ ಲೋಕದಲ್ಲಿ ಬಿಸಿಯಿಂದ ಆಗದ ಕೆಲಸವಿರಲಿಲ್ಲ. ಮಂಡಿ ನೋವಿಗೆ ಬಿಸಿ ಉಪ್ಪಿನ ಗಂಟು, ನೆಗಡಿಗೆ ಆವಿ, ಬೇಸರಕ್ಕೆ ಬಿಸಿನೀರಿನ ಸ್ನಾನ. ತಟ್ಟೆಯಲ್ಲಿ ಹೊಗೆಯಾಡದ ಊಟವನ್ನು ಅವಳು ಊಟವೆನ್ನುತ್ತಿರಲಿಲ್ಲ, ಮಿಕ್ಕಿದ್ದು ಎನ್ನುತ್ತಿದ್ದಳು. ಕೈ ಸುಟ್ಟುಕೊಂಡರಂತೂ ಆ ಬೆರಳನ್ನು ಮತ್ತೆ ಇಸ್ತ್ರಿಪೆಟ್ಟಿಗೆಯ ಹತ್ತಿರವೇ ಹಿಡಿಯಬೇಕು, ಒಳಗಿನ ಉರಿಯನ್ನು ಹೊರಗಿನ ಉರಿ ಹೀರಿಕೊಳ್ಳುತ್ತದೆ: ಇದು ಇಸ್ತ್ರಿಯವರೆಲ್ಲರ ನಂಬಿಕೆ. ಸುಟ್ಟದ್ದಕ್ಕೆ ಬಿಸಿಯೇ ಮದ್ದು. ಕೆಲಸ ಕಲಿಯಲು ಬಂದವರಿಗೆಲ್ಲ ಅಮ್ಮ ಇದನ್ನು ಮೊದಲ ಪಾಠವಾಗಿ ಹೇಳಿಕೊಟ್ಟಿದ್ದಳು.

ಗುಬ್ಬಿ ಮುಖಕ್ಕೆ ಸುತ್ತಿದ್ದ ಹತ್ತಿ ಬಟ್ಟೆ ಬಿಚ್ಚಿದ ಕೂಡಲೇ ಅಮ್ಮನ ಕೈಯಿಂದ ಸೌಟು ಜಾರಿತು.

"ಯಾರೇ ಮುಖಕ್ಕೆ ಬರೆ ಹಾಕಿದ್ದು?"

"ಲೇಸರ್ ಅಮ್ಮಾ. ಹೇಳಿದ್ನಲ್ಲ."

"ಕೂದಲು ತೆಗೀತಾರೆ ಅಂದೆ. ಸುಡ್ತಾರೆ ಅನ್ನಲಿಲ್ಲ. ಸುಡೋದೇ ಆಗಿದ್ರೆ ಮನೇಲಿ ಇಸ್ತ್ರಿಪೆಟ್ಟಿಗೆ ಇರಲಿಲ್ವೇನೇ?"

ಗುಬ್ಬಿಗೆ ನಗು ಬಂತು. ನಕ್ಕರೆ ಚರ್ಮ ಎಳೆಯುತ್ತಿತ್ತು, ನುಂಗಿಕೊಂಡಳು. "ನಗಿಸ್ಬೇಡ. ಒಲೆ ಹತ್ರಾನೂ ಕರೀಬೇಡ. ಬಿಸಿ ತಾಗಬಾರದಂತೆ."

"ಅಷ್ಟಕ್ಕೂ ಏನಾಗಿತ್ತು ನಿನ್ನ ಮುಖಕ್ಕೆ? ನನಗಿಲ್ವಾ?" ಅಮ್ಮ ಗದ್ದ ಎತ್ತಿ ತೋರಿಸಿದಳು. ನರೆತ ಒರಟು ಕೂದಲು ನಾಲ್ಕೆಂಟು ಅಲ್ಲಿ ಬೆಳಕಿಗೆ ಮಿನುಗಿದವು. "ಇದನ್ನಿಟ್ಕೊಂಡೇ ನಿನ್ನ ಸಾಕಿದ್ದು."

"ನಿನ್ನನ್ನ ಯಾರೂ ಮೀಸೆ ಅಂತ ಕರೀಲಿಲ್ಲ."

"ಕರೆದವರ ಬಾಯಿ ಬಿದ್ದುಹೋಗ್ಲಿ. ನನ್ನ ಕಣ್ಣಿಗೆ ನೀನು ಚೆಂದವೇ."

"ಹೆತ್ತವರಿಗೆ ಹೆಗ್ಗಣ ಮುದ್ದು."

"ಹೆಗ್ಗಣಕ್ಕೂ ಮೀಸೆ ಇರುತ್ತೆ ಕಣೇ. ಅದೇನು ಹೋಗಿ ಸುಡಿಸ್ಕೊಂಡು ಬರಲ್ಲ."

ಅಲ್ಲಿಗೆ ನಗು ನಿಂತಿತು. ಅಮ್ಮನಿಗೆ ಇದು ಹಾಸ್ಯ. ಗುಬ್ಬಿಗೆ ಇದು ಶಾಲೆಯ ಹಿಂದಿನ ಬೆಂಚಿನಿಂದ ಹಿಡಿದು ಲಾಂಡ್ರಿಯ ಅಂಗಳದ ತನಕ ಎಳೆದುಕೊಂಡು ಬಂದ ಸರಪಳಿ. ಮಾತಾಡುವಾಗೆಲ್ಲ ಅವಳ ಎಡಗೈ ತಾನಾಗಿ ಗದ್ದಕ್ಕೆ ಏರುತ್ತಿತ್ತು. ಯೋಚನೆ ಮಾಡುತ್ತಿದ್ದಾಳೆ ಎಂದು ಎದುರಿನವರು ತಿಳಿಯಲಿ ಎಂಬಂತೆ. ಬಸ್ಸಿನಲ್ಲಿ ಕಿಟಕಿ ಕಡೆ ಬೆಳಕು ಬಿದ್ದರೆ ಮುಖ ತಿರುವುತ್ತಿದ್ದಳು. ಮನೆಗೆ ಯಾರಾದರೂ ಬಂದು ಉಳಿದರೆ ಅವರಿಗಿಂತ ಮುಂಚೆ ಎದ್ದು ಬಚ್ಚಲಿನ ಬೆಳಕಿನಲ್ಲಿ ಒಂದೊಂದನ್ನೇ ಕೀಳುತ್ತಿದ್ದಳು. ಅವಳಿಗೆ ಚೆಲುವೆಯಾಗಬೇಕಿರಲಿಲ್ಲ. ಆ ಎಡಗೈಯನ್ನು ಒಂದು ದಿನ ಕೆಳಗಿಳಿಸಿಕೊಂಡು ಓಡಾಡಬೇಕಿತ್ತು, ಅಷ್ಟೇ. ಅಷ್ಟಕ್ಕಾಗಿ ಎಷ್ಟೋ ಕಾಲ ಧೈರ್ಯ ಕೂಡಿಟ್ಟು ಆ ಮಂಚ ಹತ್ತಿದ್ದಳು.

"ನಿನಗೆ ಹೇಳಿ ಪ್ರಯೋಜನವಿಲ್ಲ," ಎಂದು ಒದ್ದೆ ಬಟ್ಟೆ ಗದ್ದಕ್ಕಿಟ್ಟುಕೊಂಡು ಒಳಗೆ ಹೋಗಿ ಮಲಗಿದಳು. ಉರಿ ಮೆಲ್ಲಗೆ ತಗ್ಗಿತು. ಕಣ್ಣು ಹತ್ತಿತು.

ಅಮ್ಮ ಸುಮ್ಮನಿರುವ ಜೀವವೇ? ಬಾಗಿಲಲ್ಲಿ ನಿಂತು ನೋಡಿದಳು. ಮಗಳ ಮುಖದ ಮೇಲಿನ ಬಟ್ಟೆ ಜಾರಿ ಬಿದ್ದಿತ್ತು, ಕೆಂಪು ಹಾಗೇ ಇತ್ತು. ಹೆತ್ತ ಕರುಳು ಚುರ್ರೆಂದಿತು. ಕರುಳಿಗೆ ಗೊತ್ತಿದ್ದದ್ದು ಒಂದೇ ಮದ್ದು. ಇಸ್ತ್ರಿಪೆಟ್ಟಿಗೆ ಕಾಯಿಸಿದಳು. ಹಳೆಯ ಮೆತ್ತನೆಯ ಹತ್ತಿ ಬಟ್ಟೆಯೊಂದನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಪೆಟ್ಟಿಗೆ ಇಟ್ಟು ಬಿಸಿ ಮಾಡಿದಳು. ತನ್ನ ಕೆನ್ನೆಗೆ ಒತ್ತಿ ನೋಡಿದಳು. ಹೆಚ್ಚಾಯಿತೆನಿಸಿ ಗಾಳಿಗೆ ಬೀಸಿದಳು, ಮತ್ತೆ ಕೆನ್ನೆಗೆ ಒತ್ತಿ ನೋಡಿದಳು. ಆಮೇಲೆ ಸದ್ದಾಗದಂತೆ ಮಂಚದ ಅಂಚಿಗೆ ಕೂತು, ನಿದ್ದೆ ಕೆಡದಂತೆ, ಹೂವಿನಷ್ಟು ಹಗುರಾಗಿ ಮಗಳ ಗದ್ದಕ್ಕೆ ಒತ್ತಿದಳು.

ಗುಬ್ಬಿ ಚೀರಿ ಎದ್ದಳು. ಮುಖಕ್ಕೆ ಕೆಂಡ ಸವರಿದಂತಾಗಿತ್ತು. ಒಂದು ಗಳಿಗೆ ಎಲ್ಲಿದ್ದೇನೆಂದೇ ತಿಳಿಯಲಿಲ್ಲ. ಆಮೇಲೆ ಅಮ್ಮನ ಕೈಯಲ್ಲಿದ್ದ ಮಡಿಕೆ ಬಟ್ಟೆ ಕಂಡಿತು.

"ಏನಮ್ಮಾ ಮಾಡ್ದೆ? ಏನು ಮಾಡ್ದೆ ನೀನು?"

"ಉರಿ ಹೀರ್ಕೊಳ್ಳಲಿ ಅಂತ..."

"ಬಿಸಿ ತಾಗಬಾರದು ಅಂತ ಹೇಳಲಿಲ್ವಾ? ಕಿವಿ ಎಲ್ಲಿಟ್ಟಿದ್ದೆ? ನಾನೇನು ಸುಕ್ಕುಬಿದ್ದ ಅಂಗಿಯಾ, ಬಿಸಿ ಒತ್ತಿದ್ರೆ ನೆಟ್ಟಗಾಗೋಕೆ?"

"ಗುಬ್ಬೀ..."

"ಗುಬ್ಬಿ ಅನ್ಬೇಡ! ಇಷ್ಟು ವರ್ಷ ಊರೆಲ್ಲ ಮುಖ ಹಾಳು ಮಾಡ್ತು ಅಂದ್ಕೊಂಡಿದ್ದೆ. ಉಳಿದದ್ದನ್ನ ನೀನು ಮಾಡಿ ಮುಗಿಸ್ದೆ. ಇನ್ನು ನಿನ್ನ ಕೈ ನನ್ನ ಮುಖ ಮುಟ್ಟಕೂಡದು. ಮುಟ್ಟಿದ್ರೆ ನೋಡು!"

ಕೋಪದಲ್ಲಿ ಕುಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ಗುಬ್ಬಿ ಶಾಂತವಾಗಲೂ ಇಲ್ಲ. ಅಮ್ಮ ಬಟ್ಟೆಯನ್ನು ಮಡಿಕೆ ಬಿಚ್ಚಿ, ಮತ್ತೆ ಮಡಿಚಿ, ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೇ ಇಟ್ಟುಕೊಂಡು ಕೂತಿದ್ದಳು.

ಗುಬ್ಬಿ ಅವಳ ಎದುರಿಗೇ ಸ್ಪೀಕರ್ ಹಾಕಿ ಕ್ಲಿನಿಕ್ಕಿಗೆ ಫೋನ್ ಮಾಡಿದಳು. ಲೇಸರ್ ಹುಡುಗಿ ಬೈಯಲಿಲ್ಲ. ಬೊಕ್ಕೆ ಎದ್ದಿದೆಯೇ, ಚರ್ಮ ಬೆಳ್ಳಗಾಗಿದೆಯೇ ಎಂದು ಕೇಳಿದಳು. ತಣ್ಣೀರಿನ ಬಟ್ಟೆ ಬದಲಿಸುತ್ತಾ ಇರಿ, ಜೆಲ್ ಹಚ್ಚಿ, ಬೊಕ್ಕೆ ಎದ್ದರೆ ಒಡೆಯದೆ ನೇರ ಇಲ್ಲಿಗೆ ಬನ್ನಿ ಎಂದಳು. "ನಾಳೆ ಸಂಜೆವರೆಗೆ ಏಳದಿದ್ರೆ ನೀವು ಗೆದ್ರಿ. ಆದ್ರೆ ನಾಳೆ ಬಿಸಿಯ ಹತ್ರ ಸುಳೀಲೇಬಾರದು. ಇನ್ನೊಂದು ಸಲ ತಾಗಿದ್ರೆ ನನ್ನ ಕೈಲೂ ಇಲ್ಲ. ಯಾರಕ್ಕಾ ಹೀಗೆ ಮಾಡಿದ್ದು?"

"ನಮ್ಮಮ್ಮ."

"ಪಾಪ. ಅವರಿಗೂ ಒಂದು ಲೋಟ ತಣ್ಣೀರು ಕೊಡಿ ಅಕ್ಕಾ."

ಗುಬ್ಬಿ ಕೊಡಲಿಲ್ಲ. ಊಟಕ್ಕೆ ಅಮ್ಮ ಹೊಗೆಯಾಡುವ ತಟ್ಟೆ ತಂದಿಟ್ಟಳು. ಅವಳು ಅದನ್ನು ಮುಟ್ಟಲೂ ಇಲ್ಲ. ತಟ್ಟೆ ಆರಿತು, ಕೆನೆಗಟ್ಟಿತು. ಬೆಳಿಗ್ಗೆ ಎದ್ದು ಮುಖಕ್ಕೆ ತಣ್ಣೀರು ಚಿಮುಕಿಸಿ, ಹತ್ತಿ ಬಟ್ಟೆ ಸುತ್ತಿಕೊಂಡು, ಬುತ್ತಿಯನ್ನೂ ಕೇಳದೆ, ಹೋಗಿಬರುತ್ತೇನೆಂದೂ ಹೇಳದೆ ಬಾಗಿಲು ಎಳೆದುಕೊಂಡಳು.

* * *

ಲಾಂಡ್ರಿಯಲ್ಲಿ ಪ್ರೆಸ್ಸಿನ ಕೋಣೆಗೂ ಮಡಿಚುವ ಕೋಣೆಗೂ ನಡುವೆ ಒಂದು ಗೋಡೆ, ಗೋಡೆಯಲ್ಲೊಂದು ಅಗಲವಾದ ಕಿಂಡಿ. ಇಸ್ತ್ರಿಯಾದ ಹಾಸುಬಟ್ಟೆಗಳು, ಲಾಂಡ್ರಿಯವರ ಮಾತಿನಲ್ಲಿ ಹಾಳೆಗಳು, ಆ ಕಿಂಡಿಯಿಂದ ಈಚೆಗೆ ಬರುತ್ತಿದ್ದವು. ಕಿಂಡಿಯ ಆಚೆ ಒಲೆಯೊಳಗಿನ ಹಾಗೆ ಬಿಸಿ, ಈಚೆ ಕಿಟಕಿ, ಗಾಳಿ, ಬೆಳಕು. ಗುಬ್ಬಿ ನೇರ ಮಡಿಚುವ ಮೇಜಿಗೆ ಹೋಗಿ ನಿಂತಳು. ಮಡಿಚುವ ಅಕ್ಕ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಮುಖದ ಬಟ್ಟೆ ನೋಡಿ, ತನ್ನ ನೀರಿನ ಬಾಟಲಿಯನ್ನು ಅವಳ ಕಡೆ ತಳ್ಳಿದಳು.

ಮೇಸ್ತ್ರಿ ಬಂದ. ಆಗತಾನೆ ಕ್ಷೌರ ಮಾಡಿಕೊಂಡು ಬಂದ ಮುಖ. ಕೆನ್ನೆಯಲ್ಲಿ ಬ್ಲೇಡು ತಾಗಿದ ಕಡೆ ಕಾಗದದ ಚೂರೊಂದು ಅಂಟಿಸಿಕೊಂಡಿದ್ದ.

"ಇಲ್ಲೇನಮ್ಮ ಮಾಡ್ತಿದೀಯ? ಪ್ರೆಸ್ ಖಾಲಿ ಇದೆ."

"ಕೇಳಿದ್ನಲ್ಲ ಮೇಸ್ತ್ರೀ. ನೀವು ಹೂಂ ಅಂದ್ರಿ."

"ಯಾವಾಗ ಅಂದೆ? ತಲೆ ಆಡಿಸಿರಬೇಕು. ನಿನ್ನ ಬದಲಿಗೆ ನಿಲ್ಲಬೇಕಾದವಳು ಇವತ್ತು ಬಂದಿಲ್ಲ. ಆಸ್ಪತ್ರೆ ಹಾಳೆ ಬೆಟ್ಟದಷ್ಟು ಬಿದ್ದಿದೆ. ನಡಿ."

"ಮುಖಕ್ಕೆ ಆವಿ ತಾಗಬಾರದು. ಇವತ್ತೊಂದು ದಿನ."

ಹಾಳೆ ಒಗೆಯುವವರು, ಬುಟ್ಟಿ ನೂಕುವವರು ಎಲ್ಲ ಕತ್ತು ತಿರುಗಿಸಿದರು. ಮೇಸ್ತ್ರಿಗೆ ಸಭೆ ಸಿಕ್ಕಿತು. ಸಭೆ ಸಿಕ್ಕರೆ ಕೆಲವರಿಗೆ ನಾಲಿಗೆ ನಿಲ್ಲುವುದಿಲ್ಲ.

"ಓಹೋ, ಇದಾ ಸಮಾಚಾರ! ಮೀಸೆ ಸಾಹೇಬ್ರು ಮೀಸೆ ತೆಗೆಸಿಕೊಂಡ್ರು! ಇನ್ನು ನಾವು ಯಾರಿಗೆ ಸಲಾಮು ಹೊಡೆಯೋದ್ರಪ್ಪಾ?"

ನಗೆ ಎದ್ದಿತು. ಮಡಿಚುವ ಅಕ್ಕ ನಗಲಿಲ್ಲ. ಹಾಳೆಯೊಂದನ್ನು ಫಟ್ಟೆಂದು ಒದರಿದಳು, ನಗೆಯ ಮೇಲೆ ಬಿದ್ದಂತೆ. ಗುಬ್ಬಿಯ ಎಡಗೈ ಅಭ್ಯಾಸದಂತೆ ಗದ್ದಕ್ಕೆ ಏರಿತು. ಏರಿದ್ದು ಅವಳಿಗೇ ಕಂಡಿತು. ಉಜ್ಜಬಾರದು, ಮುಟ್ಟಬಾರದು. ಕೈಯನ್ನು ಕೆಳಗಿಳಿಸಿದಳು. ಮುಖಕ್ಕೆ ಸುತ್ತಿದ್ದ ಬಟ್ಟೆಯನ್ನೂ ಬಿಚ್ಚಿ ಮೇಜಿನ ಮೇಲಿಟ್ಟಳು.

"ನೋಡಿ. ಎಲ್ಲರೂ ಚೆನ್ನಾಗಿ ನೋಡ್ಕೊಳ್ಳಿ," ಎಂದಳು. ಅವಳ ದನಿ ಅವಳಿಗೇ ಹೊಸದು. "ಮೇಸ್ತ್ರೀ, ನೀವು ದಿನಾ ಬೆಳಿಗ್ಗೆ ಮುಖ ಬೋಳಿಸ್ಕೊಂಡು ಬರ್ತೀರಲ್ಲ, ಯಾರಾದ್ರೂ ನಿಮಗೆ ಹೆಸರಿಟ್ರಾ? ಕುಯ್ಕೊಂಡು ಕಾಗದ ಅಂಟಿಸ್ಕೊಂಡು ಬಂದಿದೀರಲ್ಲ, ಯಾರಾದ್ರೂ ನಕ್ರಾ? ಅದೇ ಕೂದಲು. ನಿಮ್ಮ ಮುಖದಲ್ಲಿದ್ರೆ ಗಂಡಸ್ತನ, ನನ್ನ ಮುಖದಲ್ಲಿದ್ರೆ ನಿಮಗೆ ಬಿಟ್ಟಿ ತಮಾಷೆ. ತೆಗೆಸ್ಕೊಂಡ್ರೆ ಅದೂ ತಮಾಷೆ. ಇಟ್ಕೊಂಡ್ರೂ ಬಿಡಲ್ಲ, ತೆಗೆದ್ರೂ ಬಿಡಲ್ಲ, ಏನು ಮಾಡ್ಲಿ ನಾನು? ಮುಖವನ್ನೇ ಮನೇಲಿ ಬಿಟ್ಟು ಬರ್ಲಾ?"

ಯಾರೂ ನಗಲಿಲ್ಲ. ಮೇಸ್ತ್ರಿಯ ಕೈ ಕಾಗದದ ಚೂರಿನ ಕಡೆ ಹೋಯಿತು. ಆದರೆ ಸಭೆಯ ಮುಂದೆ ಸೋತವನು ಎರಡು ಪಟ್ಟು ಗಟ್ಟಿಯಾಗುತ್ತಾನೆ.

"ಮಾತು ಸಾಕು. ಪ್ರೆಸ್ಸಿಗೆ ಹೋಗೋದಾದ್ರೆ ಹೋಗು. ಇಲ್ಲಾಂದ್ರೆ ನಾಳೆಯಿಂದ ಬರಬೇಡ."

ಮನೆಗೆ ಅನ್ನ ತರುವವಳು ಅವಳೊಬ್ಬಳೇ. ಗುಬ್ಬಿ ಹೋದಳು. ಸಿಟ್ಟಿನಿಂದ ಅವಳ ಕಿವಿ ಕೂಡ ಉರಿಯುತ್ತಿತ್ತು. ಮೇಸ್ತ್ರಿಯ ಮೇಲೆ, ನಕ್ಕವರ ಮೇಲೆ, ನಿನ್ನೆಯ ಆ ಮಡಿಕೆ ಬಟ್ಟೆಯ ಮೇಲೆ. ಅದೊಂದು ಬಿದ್ದಿರದಿದ್ದರೆ ಇವತ್ತಿನ ಆವಿಯನ್ನು ಹೇಗೋ ಮುಖ ತಿರುಗಿಸಿ ತಡೆದುಕೊಳ್ಳಬಹುದಿತ್ತು. ಗಾಯದ ಮೇಲೆ ಬರೆ. ಅದೂ ಹೆತ್ತ ತಾಯಿಯ ಕೈಯಿಂದ. ಪ್ರೆಸ್ಸಿನ ಮುಂದೆ ನಿಂತು ಹಾಳೆ ಹರಡಿದಳು. ಬಿಸಿ ಆಗಲೇ ಗದ್ದವನ್ನು ಹುಡುಕಿಕೊಂಡು ಬಂದಿತ್ತು. ಪೆಡಲಿನ ಮೇಲೆ ಕಾಲಿಟ್ಟಳು.

"ತೆಗಿ ಕಾಲು."

ಅಮ್ಮ ಬಾಗಿಲಲ್ಲಿದ್ದಳು. ಅಷ್ಟು ದೂರ ನಡೆದು ಬಂದದ್ದಕ್ಕೆ ಏದುಸಿರು. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈ ಗೋಡೆಯ ಮೇಲೆ. ಬುತ್ತಿ ಬಿಟ್ಟುಹೋದ ಮಗಳಿಗೆ ಕೊಡಲೆಂದು ಬಂದವಳು. ಅಂಗಳದಲ್ಲೇ ಅಷ್ಟೂ ಮಾತು ಕೇಳಿಸಿಕೊಂಡಿದ್ದಳು. ಮಗಳ ಕಡೆ ನೋಡಲಿಲ್ಲ. ಬೆನ್ನಹಿಂದೆ ಬಂದ ಮೇಸ್ತ್ರಿಯ ಕಡೆ ತಿರುಗಿದಳು.

"ಏನೋ, ದೊಡ್ಡ ಮನುಷ್ಯ ಆಗ್ಬಿಟ್ಟಿದೀಯ. ನೀನು ಬುಟ್ಟಿ ಹೊರೋಕೆ ಬಂದ ಹೊಸದರಲ್ಲಿ ಹೆಬ್ಬೆರಳು ಸುಟ್ಕೊಂಡು ಅಳ್ತಾ ಕೂತಿದ್ದೆ, ನೆನಪಿದೆಯಾ?"

ಮೇಸ್ತ್ರಿ ಇದ್ದಕ್ಕಿದ್ದಂತೆ ಚಿಕ್ಕವನಾದ. "ಇದೆ ಅಮ್ಮಾ. ನೀವೇ ಔಷಧಿ ಮಾಡಿದ್ರಿ. ಇದೇ ಪ್ರೆಸ್ ಹತ್ರ ಬೆರಳು ಹಿಡಿಸಿದ್ರಿ. ಸುಟ್ಟದ್ದಕ್ಕೆ ಬಿಸಿಯೇ ಮದ್ದು ಅಂತ."

"ತೋರಿಸು ಬೆರಳು."

ಅವನು ಹಿಂಜರಿದು ತೋರಿಸಿದ. ಹೆಬ್ಬೆರಳಿನ ಬುಡದಲ್ಲಿ ಚರ್ಮ ಮುದುಡಿ, ಹೊಳೆಯುವ ಕಪ್ಪು ಕಲೆ, ನಾಣ್ಯದಷ್ಟು ಅಗಲ. ಅಮ್ಮ ಅದನ್ನು ಹಿಡಿದು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದಳು.

"ಹೋಗಲಿಲ್ಲ."

"ಎಲ್ಲಿ ಹೋಗುತ್ತೆ ಅಮ್ಮಾ. ಬಿಡಿ, ಹಳೇದು."

"ಸಣ್ಣ ಗಾಯ ಅದು. ಸುಮ್ನೆ ತಣ್ಣೀರಲ್ಲಿ ಇಟ್ಟಿದ್ರೆ ಮಾಯ್ತಿತ್ತು. ನಾನೇ ಇದನ್ನ ಮಾಡಿದ್ದು." ಅಮ್ಮ ಅವನ ಕೈ ಬಿಟ್ಟಳು. ಬಿಡುವಾಗ ಆ ಕಲೆಯ ಮೇಲೆ ಒಮ್ಮೆ ಬೆರಳಾಡಿಸಿದಳು. "ಒಬ್ಬರಿಗೆ ಸಾಕು. ಇವಳ ಮುಖಕ್ಕೆ ಬೇಡ. ನಾನು ನಿಲ್ತೀನಿ ಇಲ್ಲಿ."

"ನಿಮ್ಮ ಮಂಡಿ..."

"ನನ್ನ ಮಂಡಿ ನನ್ನದು. ನಿನ್ನ ಹಾಳೆ ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಹೋದ್ರೆ ಆಯ್ತಲ್ಲ? ಇನ್ನೊಂದು ಸಲ ನನ್ನ ಮಗಳನ್ನ ಮೀಸೆ ಗೀಸೆ ಅಂದ್ಯೋ, ನಿನ್ನ ಕೆನ್ನೆ ಮೇಲೆ ಅಂಟಿಸ್ಕೊಳ್ಳೋಕೆ ಕಾಗದ ಸಾಲೋದಿಲ್ಲ. ಸರಿ ಆ ಕಡೆ."

ಬಾಗಿಲ ಹತ್ತಿರ ಯಾರೋ ಕೆಮ್ಮಿದರು. ನಗೆಯನ್ನು ಕೆಮ್ಮಾಗಿಸಿದ ಕೆಮ್ಮು.

"ಅಮ್ಮಾ, ಬೇಡ. ನಿನ್ನ ಕೈಲಾಗಲ್ಲ," ಎಂದಳು ಗುಬ್ಬಿ. ಅವಳ ದನಿಯಲ್ಲಿ ಇನ್ನೂ ಸಿಟ್ಟೇ ಇತ್ತು.

"ನಿನ್ನ ಹತ್ರ ನನಗೆ ಮಾತಿಲ್ಲ," ಎಂದಳು ಅಮ್ಮ, ಗೂಟದ ಮೇಲಿನ ಏಪ್ರನ್ ಎಳೆದುಕೊಳ್ಳುತ್ತಾ. "ಮುಟ್ಟಬೇಡ ಅಂದೆ, ಮುಟ್ಟಿಲ್ಲ. ಹಾಳೆ ಮುಟ್ಟಬೇಡ ಅಂತ ಅಂದಿಲ್ಲವಲ್ಲ. ನಡಿ ಆಚೆಗೆ."

* * *

ಆ ಬೆಳಗು ತಾಯಿ ಮಗಳು ಗೋಡೆಯ ಆಚೆ ಈಚೆ ನಿಂತು ಕೆಲಸ ಮಾಡಿದರು. ಕಿಂಡಿಯಿಂದ ಹಾಳೆಗಳು ಬರುತ್ತಿದ್ದವು. ಎಷ್ಟೋ ಕಾಲವಾಗಿತ್ತು, ಆ ಪ್ರೆಸ್ಸಿನಿಂದ ಅಂಥ ಹಾಳೆ ಬಂದು; ಅಂಚಿಗೆ ಅಂಚು, ಮೂಲೆಗೆ ಮೂಲೆ, ಒಂದು ಗೆರೆ ಆಚೀಚೆಯಿಲ್ಲ. ಗುಬ್ಬಿ ಅವನ್ನು ಮಡಿಚುತ್ತಿದ್ದಳು. ಮುಖ ಉರಿಯುತ್ತಿತ್ತು. ಆವಿಯ ಬುಸ್ ಸದ್ದು ಕೇಳಿದಾಗೆಲ್ಲ ಅಮ್ಮನ ಮಂಡಿ ಕಣ್ಣಿಗೆ ಬರುತ್ತಿತ್ತು, ಬಂದಷ್ಟೂ ಸಿಟ್ಟು ಏರುತ್ತಿತ್ತು. ಕೆಟ್ಟದ್ದು ಮಾಡಿದವರು ಕೆಟ್ಟವರಾಗಿಯೇ ಇದ್ದರೆ ಸಿಟ್ಟಿಗೊಂದು ನೆಲೆ ಇರುತ್ತದೆ. ಸುಟ್ಟವಳೇ ಬಂದು ಆವಿಗೆ ಅಡ್ಡ ನಿಂತರೆ ಮನುಷ್ಯ ಯಾರ ಮೇಲೆ ಸಿಟ್ಟು ಮಾಡಬೇಕು? ಮೇಸ್ತ್ರಿಯ ಮೇಲೆ ಮಾಡೋಣವೆಂದರೆ, ಕಿಂಡಿಯಲ್ಲಿ ಇಣುಕಿದಾಗ ಅವನು ತನ್ನ ಕೋಣೆಯ ಎತ್ತರದ ಸ್ಟೂಲನ್ನು ತಂದು ಅಮ್ಮನ ಹಿಂದೆ ಇಟ್ಟು, ಯಾರೂ ನೋಡಲಿಲ್ಲ ಎಂಬಂತೆ ಹೊರಟುಹೋಗುತ್ತಿದ್ದ. ಅಮ್ಮ ಅದರ ಮೇಲೆ ಕೂರಲಿಲ್ಲ. ಸೊಂಟದ ಒಂದು ಬದಿ ಮಾತ್ರ ಆನಿಸಿದಳು.

ಮಡಿಚುವ ಅಕ್ಕ ನಡುನಡುವೆ ಒದ್ದೆ ಬಟ್ಟೆ ಹಿಂಡಿ ಕೊಡುತ್ತಿದ್ದಳು. ಪ್ರತಿ ಸಲ ಬಗ್ಗಿ ಗದ್ದ ನೋಡುತ್ತಿದ್ದಳು.

"ಬೊಕ್ಕೆ?" ಎಂದು ಗುಬ್ಬಿ ಕೇಳುತ್ತಿದ್ದಳು.

"ಎದ್ದಿಲ್ಲ. ಕೆಂಪೂ ಒಂಚೂರು ಇಳಿದಿದೆ. ನಿನ್ನ ಸಿಟ್ಟಿಗಿಂತ ಬೇಗ ಇಳೀತಿದೆ ಬಿಡು."

"ಸಂಜೆವರೆಗೆ ಕಾಯಬೇಕು."

"ಕಾಯೋಣ. ಹಾಳೆ ಹಿಡಿ, ಆ ತುದಿ."

ಗುಬ್ಬಿ ಆ ತುದಿ ಹಿಡಿದಳು. ಹಾಳೆ ಹಿಡಿಯಲು ಎರಡು ಕೈಯೂ ಬೇಕು. ಮೇಸ್ತ್ರಿಯ ಮುಂದೆ ಕೆಳಗಿಳಿಸಿದ ಮೇಲೆ ಎಡಗೈ ಒಮ್ಮೆಯೂ ಗದ್ದಕ್ಕೆ ಏರಿಲ್ಲವೆಂಬುದು ಆಗ ಅವಳ ಗಮನಕ್ಕೆ ಬಂತು. ಎದುರಿಗೆ ಕಿಟಕಿಯ ಬೆಳಕಿತ್ತು, ಸುತ್ತ ಜನರಿದ್ದರು, ಮುಖ ಬೋಳಾಗಿ, ಕೆಂಪಗೆ, ಉಬ್ಬುಬ್ಬಾಗಿ ಎಲ್ಲರಿಗೂ ಕಾಣುವಂತೆ ಇತ್ತು. ಬುಟ್ಟಿ ನೂಕುವವನು ಹಾದುಹೋಗುತ್ತಾ ಒಮ್ಮೆ ನೋಡಿ, ನೆಲ ನೋಡಿಕೊಂಡು ಹೋದ. ಬೆಳಿಗ್ಗೆ ನಕ್ಕವರಲ್ಲಿ ಅವನೂ ಒಬ್ಬ. ನೋಡಲಿ, ಎಂದುಕೊಂಡಳು ಗುಬ್ಬಿ, ಹಲ್ಲು ಕಚ್ಚಿ.

ಊಟದ ಗಂಟೆ ಹೊಡೆಯಿತು. ಯಂತ್ರಗಳು ಒಂದೊಂದಾಗಿ ನಿಂತವು. ಎಲ್ಲರೂ ಅಂಗಳಕ್ಕೆ ಹೋದರು. ಅಂಗಳದಲ್ಲಿ ಬಿಸಿಲು, ಗುಬ್ಬಿ ಹೋಗುವಂತಿರಲಿಲ್ಲ. ಪ್ರೆಸ್ಸಿನ ಕೋಣೆಯಲ್ಲಿ ಬಿಸಿ, ಅಲ್ಲಿಗೂ ಹೋಗುವಂತಿರಲಿಲ್ಲ. ಬುತ್ತಿಯನ್ನೂ ಅವಳು ತಂದಿರಲಿಲ್ಲ. ಮೇಜಿಗೆ ಒರಗಿ ನಿಂತಳು. ಹೊಟ್ಟೆಯಲ್ಲಿ ನಿನ್ನೆಯಿಂದ ಸಿಟ್ಟಲ್ಲದೆ ಬೇರೇನೂ ಬಿದ್ದಿರಲಿಲ್ಲ.

ಕಿಂಡಿಯಲ್ಲಿ ಅಮ್ಮನ ಮುಖ ಬಂತು. ಬೆವರಿನಲ್ಲಿ ತೊಯ್ದು, ಕೂದಲು ಹಣೆಗೆ ಅಂಟಿ, ಗದ್ದದ ನರೆಕೂದಲುಗಳ ತುದಿಯಲ್ಲಿ ನೀರಹನಿ ನಿಂತಿತ್ತು. ಅಮ್ಮ ಮಗಳ ಗದ್ದ ನೋಡಿದಳು. ಅವಳ ಕೈ ತಾನಾಗಿ ಮೇಲೆದ್ದಿತು, ಜ್ವರ ನೋಡುವಾಗ ಏಳುವ ಹಾಗೆ. ಕಿಂಡಿಯ ಅಂಚಿನ ತನಕ ಬಂದು ಅಲ್ಲೇ ನಿಂತಿತು. ಮುಟ್ಟಲಿಲ್ಲ. ಹಿಂದಕ್ಕೆ ಹೋಯಿತು.

ಗುಬ್ಬಿ ಏನೋ ಹೇಳಬೇಕೆಂದು ಬಾಯಿ ತೆರೆದಳು. ಬೈಗುಳವೋ ಬೇರೇನೋ ಅವಳಿಗೇ ತಿಳಿಯಲಿಲ್ಲ. ಅಷ್ಟರಲ್ಲಿ ಅಮ್ಮ ಕಿಂಡಿಯಿಂದ ಸರಿದುಹೋಗಿದ್ದಳು. ಒಗೆಯುವ ತೊಟ್ಟಿಯ ನೆರಳಿನಲ್ಲಿ ಬೆಳಗಿನಿಂದ ಇಟ್ಟಿದ್ದ ಡಬ್ಬಿಯನ್ನು ಎತ್ತಿಕೊಂಡು ಬಂದಳು. ಡಬ್ಬಿಗೆ ನಾಲ್ಕು ಮಡಿಕೆಯ ಬಟ್ಟೆ ಸುತ್ತಿತ್ತು. ನಿನ್ನೆಯ ಅದೇ ಹಳೆಯ ಹತ್ತಿ ಬಟ್ಟೆ, ಈಗ ತಣ್ಣೀರಲ್ಲಿ ಅದ್ದಿ ಹಿಂಡಿದ್ದು, ಅಂಚಿಗೆ ಅಂಚು ಸೇರಿಸಿದ್ದು.

ಗುಬ್ಬಿ ಎರಡೂ ಕೈ ಚಾಚಿದಳು. ಡಬ್ಬಿ ಬಾವಿಯ ಕಲ್ಲಿನಂತೆ ತಣ್ಣಗಿತ್ತು. ಮುಚ್ಚಳ ತೆಗೆದಳು. ತಣ್ಣಗೆ ಆರಿಸಿದ ಅನ್ನ, ಅದರ ಮೇಲೆ ಮೊಸರು, ಪಕ್ಕದಲ್ಲಿ ಹೆಚ್ಚಿಟ್ಟ ಸೌತೆಕಾಯಿ. ಒಂದು ಎಳೆ ಹೊಗೆಯೂ ಏಳಲಿಲ್ಲ.

ಕಿಂಡಿಯ ಆಚೆಯಿಂದ ಅಮ್ಮ ಒಂದು ಚಮಚೆಯನ್ನು, ಏಪ್ರನ್ನಿನ ತುದಿಯಿಂದ ಒರೆಸಿ, ಅವಳ ಕಡೆ ಜರುಗಿಸಿದಳು.